ಹಾಲಿ ಮತ್ತು ಕಲ್ದಾರ: ಕಡಲಿಲ್ಲದ ನಾಣ್ಯದ್ವೀಪದಲ್ಲಿ ಗಡಿಕನ್ನಡ

ಕನ್ನಡದಲ್ಲಿ ‘ಹಾಲಿ’ ಎಂದರೆ ಈಗಿನದು, ಚಾಲ್ತಿಯಲ್ಲಿರುವುದು. ಝರಾಸಂಗಂ, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯಲ್ಲಿ ಒಂದು ಕಾಲಕ್ಕೆ ಅದು ರೂಪಾಯಿಯ ಹೆಸರೂ ಆಗಿತ್ತು: ನಿಜಾಮರದು ಹಾಲಿ ಸಿಕ್ಕಾ, ಬ್ರಿಟಿಷರದು ಕಲ್ದಾರ. 1956ರ ನವೆಂಬರ್‌ವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರ್ಗಿ ಜಿಲ್ಲೆಯಲ್ಲಿ. ಸುತ್ತ ಬ್ರಿಟಿಷ್ ಆಡಳಿತ, ನಡುವೆ ಸ್ವಂತ ಟಂಕಸಾಲೆಯ ಹೈದರಾಬಾದು ಒಂದು ನಾಣ್ಯದ್ವೀಪ. ಝರಾಸಂಗಂನ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಸೊಲ್ಲಾಪುರದ ಕಡೆಯಿಂದ ಬಂದವರ ಗಂಟಿನಲ್ಲಿ ಕಲ್ದಾರ ಇರುವುದು ಸಹಜ. ಬೀದರ ಸೀಮೆಯವರ ಗಂಟಿನಲ್ಲಿ ಹಾಲಿ.

ಕಡಲಿನ ದ್ವೀಪಗಳು ತಮ್ಮ ಗುರುತನ್ನು ಬೆಲೆಬಾಳುವ ಲೋಹದ ಮೇಲೆ ಅಚ್ಚೊತ್ತಿ ಮಾರುವುದು ಈಗ ವಾಡಿಕೆ. ಐಲ್ ಆಫ್ ಮ್ಯಾನ್ 1983ರಲ್ಲಿ ವೈಕಿಂಗ್ ಹಡಗಿನ ಚಿತ್ರವಿದ್ದ ಪ್ಲಾಟಿನಂ ‘ನೋಬಲ್’ ಹೊರತಂದಿತು. ಹೈದರಾಬಾದು 1903–04ರಲ್ಲೇ, ನಿಜಾಮ ಮಹಬೂಬ್ ಅಲಿ ಖಾನರ ಕಾಲದಲ್ಲಿ, ಯಂತ್ರದ ಅಚ್ಚಿನ ನಾಣ್ಯದ ಮೇಲೆ ಚಾರ್ಮಿನಾರನ್ನು ನಿಲ್ಲಿಸಿತ್ತು. ಅದರ ಬಾಗಿಲಲ್ಲಿ ನಿಜಾಮರ ಹೆಸರಿನ ಮೊದಲಕ್ಷರ: ಮೊದಲು ‘ಮೀಮ್’, ಉಸ್ಮಾನ್ ಅಲಿ ಖಾನರು 1911ರಲ್ಲಿ ಪಟ್ಟಕ್ಕೆ ಬಂದ ಮೇಲೆ ‘ಐನ್’. ಚಿನ್ನದ ಅಶ್ರಫಿಗೂ ಇದೇ ಮುಖ. ಅದು ದರ್ಬಾರಿನಲ್ಲಿ ನಜರ್ ಒಪ್ಪಿಸುವ ನಾಣ್ಯವಾಗಿತ್ತು.

ಹಾಲಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಸಾವಿರಕ್ಕೆ 818 ಪಾಲು ಬೆಳ್ಳಿ. ಅಂದರೆ ಅಪ್ಪಟ ಬೆಳ್ಳಿ 9.14 ಗ್ರಾಂ. ಕಲ್ದಾರದಲ್ಲಿದ್ದದ್ದು 10.69 ಗ್ರಾಂ. ಏಳು ಹಾಲಿಗೆ ಆರು ಕಲ್ದಾರ ಎಂಬ ಸರ್ಕಾರಿ ದರ ಈ ಬೆಳ್ಳಿಯ ಅನುಪಾತಕ್ಕೆ ಬಹುತೇಕ ಸರಿಹೊಂದುತ್ತದೆ. 1893ರ ನಂತರ ಕಲ್ದಾರದ ಬೆಲೆ ಬೆಳ್ಳಿಯ ಪೇಟೆದರಕ್ಕೆ ಕಟ್ಟುಬಿದ್ದಿರಲಿಲ್ಲವಾದ್ದರಿಂದ ದರಕ್ಕೆ ಬೆಳ್ಳಿಯೊಂದೇ ಕಾರಣವೆನ್ನಲಾಗದು. ಆದರೂ ಲೆಕ್ಕ ಇಷ್ಟು ಹತ್ತಿರ ಬರುವುದು ಗಮನಾರ್ಹ.

ಈ ನಾಣ್ಯಗಳ ಮೇಲಿದ್ದದ್ದು ರಾಜಧಾನಿಯ ಸಂಭ್ರಮ. ಎರೆಭೂಮಿಯ ಜೋಳವಾಗಲಿ, ತೊಗರಿಯಾಗಲಿ, ತಾಂಡೂರಿನ ಹಾಸುಗಲ್ಲಾಗಲಿ ಅಲ್ಲಿ ಕಾಣದು. ಕನ್ನಡವೂ ಇಲ್ಲ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಾಮ್ರದ ಕಾಸಿನ ಮೇಲೂ ಕನ್ನಡ ಬರೆಸಿದ್ದರು. ನಿಜಾಮರ ರಾಜ್ಯದಲ್ಲಿ ನಮ್ಮ ಅಕ್ಷರಕ್ಕೆ ಜಾಗ ಸಿಕ್ಕಿದ್ದು ಕಾಗದದ ಮೇಲೆ: 1918ರ ಕಾಯಿದೆಯಿಂದ ಶುರುವಾದ ನೋಟುಗಳಲ್ಲಿ ಉರ್ದು, ಇಂಗ್ಲಿಷ್, ಮರಾಠಿ, ತೆಲುಗಿನ ಜೊತೆ ಕನ್ನಡದಲ್ಲೂ ಮೊತ್ತ ಮುದ್ರಿತವಾಗಿತ್ತು.

ಆದರೆ ಕಷ್ಟಕಾಲಕ್ಕೆಂದು ಕಾಗದವನ್ನು ಯಾರು ಕೂಡಿಡುತ್ತಾರೆ? ಉಳಿದದ್ದು ಬೆಳ್ಳಿ. ಲಂಬಾಣಿ ಹೆಣ್ಣುಮಕ್ಕಳ ಸರಗಳಲ್ಲಿ ರೂಪಾಯಿ, ಪಾವಲಿ ಒಡವೆಯೂ ಹೌದು, ಉಳಿತಾಯವೂ ಹೌದು. 1948ರಲ್ಲಿ ಸಂಸ್ಥಾನ ಭಾರತದೊಳಗೆ ಸೇರಿ, ಮುಂದೆ ‘ಹಾಲಿ’ ಚಾಲ್ತಿ ತಪ್ಪಿದರೂ ಅದರ ಬೆಳ್ಳಿಯ ಬೆಲೆ ಹೋಗಲಿಲ್ಲ.

ಸಂಗ್ರಾಹಕರು ಐನ್ ಅಕ್ಷರದ ಆಕಾರ ನೋಡಿ ನಾಣ್ಯಗಳನ್ನು ವಿಂಗಡಿಸುತ್ತಾರೆ. ಅಷ್ಟೇ ಶ್ರದ್ಧೆಯಿಂದ ಈ ಸೀಮೆಯ ತಾಂಡಾಗಳ ಸರಗಳನ್ನೂ ದಾಖಲಿಸಬೇಕು: ಯಾವ ವರ್ಷದ ನಾಣ್ಯ, ಯಾವ ಮದುವೆಯಲ್ಲಿ ಬಂತು, ಯಾವ ಬರಗಾಲದಲ್ಲಿ ಎಷ್ಟು ಬಿಚ್ಚಿ ಮಾರಿದರು ಎಂಬುದನ್ನು ತೊಟ್ಟವರ ಬಾಯಿಂದಲೇ ಕೇಳಿ, ಅಕ್ಕಸಾಲಿಗನ ಮೂಸೆಗೆ ಬೀಳುವ ಮುನ್ನ.