ಹಸಿವಿಲ್ಲದ ಮೀನಿಗೆ ಗರಿಯ ಗಾಳ

ಕೆರೆಯ ದಂಡೆಯಲ್ಲಿ ಗಾಳಕ್ಕೆ ಎರೆಹುಳು ಸಿಕ್ಕಿಸಿ ಕೂರುವವನ ಲೆಕ್ಕ ಸರಳವಾದುದು. ಹಸಿದ ಮೀನು ಎರೆಗೆ ಬಾಯಿ ಹಾಕುತ್ತದೆ. ಆದರೆ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಹೊಳೆಗಳಲ್ಲಿ, ಸ್ಟೀಲ್‌ಹೆಡ್ ಎಂಬ ಮೀನಿನ ಮುಂದೆ ಈ ಲೆಕ್ಕ ನಡೆಯುವುದಿಲ್ಲ.

ಸ್ಟೀಲ್‌ಹೆಡ್ ಪ್ರತ್ಯೇಕ ಜಾತಿಯೇನಲ್ಲ. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ನೀಲಗಿರಿಯ ಹೊಳೆಗಳಿಗೆ ತಂದು ಬಿಟ್ಟ ರೇನ್‌ಬೋ ಟ್ರೌಟ್‌ನ ಕುಲವೇ ಇದರದು. ಹೊಳೆಯಲ್ಲಿ ಹುಟ್ಟುವ ಈ ಮೀನು ಪೆಸಿಫಿಕ್ ಸಾಗರಕ್ಕಿಳಿದು, ಅಲ್ಲಿ ಮೈತುಂಬಿಕೊಂಡು, ಮೊಟ್ಟೆಯಿಡಲು ತವರಿಗೆ ಮರಳುತ್ತದೆ. ಆ ಪಯಣದಲ್ಲಿ ಮೈಯ ಕೊಬ್ಬೇ ಅದರ ಬುತ್ತಿ. ಹೊಳೆಯಲ್ಲಿ ತಿನ್ನುವುದು ತೀರಾ ಕಡಿಮೆ.

ಅಂಥ ಮೀನು ಗಾಳಕ್ಕೆ ಬೀಳುವುದೇಕೆ? ಸಿಟ್ಟು, ಕುತೂಹಲ, ಮರಿಯಾಗಿದ್ದಾಗಿನ ಅಭ್ಯಾಸ ಎಂದೆಲ್ಲ ಊಹೆಗಳಿವೆ. ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಮಾಡಿದ ಕೃತಕ ಕೀಟಕ್ಕೆ ‘ಫ್ಲೈ’ ಎಂದು ಹೆಸರು. ಸಾಮಾನ್ಯ ಟ್ರೌಟ್‌ಗಾದರೆ ಅದು ನಿಜವಾದ ನೊಣದಂತೆ ಕಾಣಬೇಕು. ಸ್ಟೀಲ್‌ಹೆಡ್‌ನ ಕಣ್ಣಿಗೆ ಬಿದ್ದು ಅದನ್ನು ಕೆಣಕಿದರೆ ಸಾಕು. ಹೆಸರಾಂತ ‘ಸ್ಕಂಕ್’ ಫ್ಲೈಗೆ ಕಪ್ಪು ಮೈ, ಬಿಳಿ ರೆಕ್ಕೆ, ಕೆಂಪು ಬಾಲ. ಯಾವ ಕೀಟಕ್ಕೂ ಅದರ ಹೋಲಿಕೆಯಿಲ್ಲ.

ಆಯ್ಕೆಯನ್ನು ನಿರ್ಧರಿಸುವುದು ಋತುಮಾನ. ಬೇಸಿಗೆಯ ತಿಳಿನೀರಿನಲ್ಲಿ ಮೀನು ಮೇಲಕ್ಕೇಳುವುದರಿಂದ ತೇಲುವ ದಾರ, ಚಿಕ್ಕ ಕಪ್ಪು ಫ್ಲೈ ಸಾಕು. ಚಳಿಗಾಲದಲ್ಲಿ ಹೊಳೆ ತುಂಬಿ ತಣ್ಣಗಾದಾಗ ಮೀನು ತಳ ಬಿಟ್ಟು ಕದಲುವುದಿಲ್ಲ. ಆಗ ಮುಳುಗುವ ತುದಿಯುಳ್ಳ ದಾರ ಮತ್ತು ಕಿತ್ತಳೆ, ನೇರಳೆ ಬಣ್ಣದ ದೊಡ್ಡ ಫ್ಲೈ ಬೇಕು. ಫ್ಲೈಗೆ ತೂಕವಿಲ್ಲ, ಅದನ್ನು ದೂರ ಒಯ್ಯುವುದು ದಾರದ ಭಾರವೇ. ಬೆನ್ನ ಹಿಂದೆ ಮರಗಳಿರುವ ಕಡೆ ದಾರವನ್ನು ಹಿಂದಕ್ಕೆ ಬೀಸಲು ಜಾಗವಿರುವುದಿಲ್ಲ. ಅಲ್ಲಿ ಸ್ಕಾಟ್ಲೆಂಡಿನ ಸ್ಪೇ ನದಿಯಿಂದ ಬಂದ, ಎರಡೂ ಕೈಯಲ್ಲಿ ಹಿಡಿದು ಬೀಸುವ 12-14 ಅಡಿ ಉದ್ದದ ಕೋಲು ನೆರವಾಗುತ್ತದೆ. ಹಿಂದೆ ಸೀಳಿದ ಬಿದಿರಿನಿಂದ ಮಾಡುತ್ತಿದ್ದ ಕೋಲು ಎರಡನೆಯ ಮಹಾಯುದ್ಧದ ನಂತರ ಗಾಜಿನ ನಾರಿಗೆ, 1970ರ ದಶಕದಲ್ಲಿ ಗ್ರಾಫೈಟ್‌ಗೆ ಬದಲಾಯಿತು.

ಈ ಕಲೆಗೆ ತೀರ್ಥಕ್ಷೇತ್ರದಂತಿರುವುದು ಆರೆಗಾನ್ ರಾಜ್ಯದ ನಾರ್ತ್ ಅಂಪ್ಕ್ವಾ ನದಿ. 1930ರ ದಶಕದಲ್ಲಿ ಕಾದಂಬರಿಕಾರ ಝೇನ್ ಗ್ರೇ ಇಲ್ಲಿ ಬೀಡು ಬಿಟ್ಟು ಮೀನು ಹಿಡಿಯುತ್ತಿದ್ದರು. 1952ರಲ್ಲಿ ನದಿಯ ಸುಮಾರು 50 ಕಿಲೋಮೀಟರ್ ಭಾಗದಲ್ಲಿ ಫ್ಲೈ ಹೊರತು ಬೇರೆ ಎರೆ ಬಳಸುವಂತಿಲ್ಲ ಎಂಬ ನಿಯಮ ಬಂತು.

ಆದರೆ ಗಾಳವನ್ನು ನಿಯಂತ್ರಿಸಿದರೆ ಸಾಲದು ಎಂಬುದು ಬೇಗನೆ ಅರಿವಿಗೆ ಬಂತು. ದಡದ ಮರ ಕಡಿದರೆ ನೆರಳಿಲ್ಲದೆ ನೀರು ಬಿಸಿಯಾಗುತ್ತದೆ. ಹೂಳು ಇಳಿದು ಮೊಟ್ಟೆಯಿಡುವ ಜಲ್ಲಿಯನ್ನು ಮುಚ್ಚುತ್ತದೆ. ನಾರ್ಮಂಡಿಯಲ್ಲಿ ಹೋರಾಡಿದ್ದ ಯೋಧ ಫ್ರಾಂಕ್ ಮೂರ್, 1957ರಲ್ಲಿ ಈ ನದಿಯ ದಡದಲ್ಲಿ ವಸತಿಗೃಹ ತೆರೆದವರು. ಉಪನದಿಗಳ ಮೇಲೆ ಮರ ಕಡಿತದ ಪರಿಣಾಮವನ್ನು ತೋರಿಸಿದ 1968ರ ‘ಪಾಸ್ ಕ್ರೀಕ್’ ಸಾಕ್ಷ್ಯಚಿತ್ರದ ಹಿಂದೆ ಅವರ ಹೋರಾಟವಿತ್ತು. 2019ರಲ್ಲಿ ಅಮೆರಿಕದ ಸಂಸತ್ತು ಅಲ್ಲಿನ ಸುಮಾರು 1 ಲಕ್ಷ ಎಕರೆ ಅರಣ್ಯವನ್ನು ಸ್ಟೀಲ್‌ಹೆಡ್ ರಕ್ಷಣೆಗೆ ಮೀಸಲಿಟ್ಟು, ಅದಕ್ಕೆ ಮೂರ್ ದಂಪತಿಯ ಹೆಸರಿಟ್ಟಿತು.

ಆದರೂ 2021ರ ಬೇಸಿಗೆಯಲ್ಲಿ ಮರಳಿ ಬಂದ ಮೀನು ಎಷ್ಟು ಕಡಿಮೆಯೆಂದರೆ, ಆ ನದಿಯಲ್ಲಿ ಗಾಳ ಹಾಕುವುದನ್ನೇ ಕೆಲ ತಿಂಗಳು ನಿಷೇಧಿಸಬೇಕಾಯಿತು. ಮರುವರ್ಷ ಮೂರ್ ತಮ್ಮ 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೋಲು ಹಗುರಾಗಿದೆ, ದಾರ ನಯವಾಗಿದೆ, ಫ್ಲೈಗಳ ಬಗೆ ಹೆಚ್ಚಿದೆ. ಮೀನು ಮಾತ್ರ ಬಯಸುತ್ತಿರುವುದು ಅಂದಿನಂತೆಯೇ ಮರದ ನೆರಳು, ತಣ್ಣನೆಯ ನೀರು ಮತ್ತು ಹೂಳಿಲ್ಲದ ಜಲ್ಲಿ.