ದುರ್ಯೋಧನನ ಪಾರ್ಟಿಗೆ ಯಾವಾಗ್ಲೂ ರೇಟ್ ಜಾಸ್ತಿ

ಭಾಗ 1 / 8

ಹೋದ ವಾರ ಸ್ಟೋರಿಲಿ ಕೇಳಿದ್ದೆ: ನಿಮ್ಮ ಫೇವರಿಟ್ ವಿಲನ್ ಯಾರು? ಡಾರ್ಕ್ಲಿಂಗ್, ಸ್ನೇಪ್, ಕಾರ್ಡನ್, ಕಾಜ್ ಬ್ರೆಕರ್ ಅಂತ ಉತ್ತರಗಳ ಸುರಿಮಳೆ. ನಮ್ಮ ಕ್ಲಾಸಿನ ಒಬ್ಬಳಂತೂ ಸ್ನೇಪ್ ಪರವಾಗಿ ಮೂರು ವಾಯ್ಸ್ ನೋಟ್ ಕಳಿಸಿದ್ಲು, ಕೊನೇದರಲ್ಲಿ ಅತ್ತೇ ಬಿಟ್ಟಿದ್ಲು.

ಇನ್ನೊಬ್ಬರ ಮೆಸೇಜ್ ಹೀಗಿತ್ತು: "ಕನ್ನಡದಲ್ಲಿ ಇಂಥ ಗ್ರೇ ಕ್ಯಾರೆಕ್ಟರ್ ಎಲ್ಲಿದೆ? ನಮ್ಮ ವಿಲನ್ ಅಂದ್ರೆ ದಪ್ಪ ಮೀಸೆ, ಗಹಗಹ ನಗು, ಅಷ್ಟೇ."

ಆ ಮೆಸೇಜ್ ಓದಿದಾಗ ನಾನು ಬಟವಾಡಿಯಲ್ಲಿ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಈ ಎಂಟು ಪೋಸ್ಟು ಅದಕ್ಕೆ ಉತ್ತರ. ಒಂದು ಸಾವಿರ ವರ್ಷ ಹಿಂದಕ್ಕೆ ಹೋಗಿ, ವಾಪಸ್ ನಮ್ಮ ಜಿಲ್ಲೆಗೇ ಬರೋಣ. ಸೇವ್ ಮಾಡ್ಕೊಳಿ.

ಭಾಗ 2 / 8

ಮೊದಲು ಪಂಪ. ಕ್ರಿ.ಶ. 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ' ಬರೀತಾನೆ. ನಾವು 'ಪಂಪಭಾರತ' ಅಂತ ಕರೆಯೋದು ಅದನ್ನೇ. ಆಶ್ರಯ ಕೊಟ್ಟಿದ್ದು ವೇಮುಲವಾಡದ ಚಾಲುಕ್ಯ ರಾಜ ಇಮ್ಮಡಿ ಅರಿಕೇಸರಿ. ಅರ್ಜುನನನ್ನೂ ಈ ರಾಜನನ್ನೂ ಒಂದೇ ಮಾಡಿ ಹೊಗಳೋದು ಕಾವ್ಯದ ಪ್ಲಾನ್. ಕಾಮರ್ಸ್ ಭಾಷೇಲಿ ಹೇಳ್ಬೇಕಂದ್ರೆ, ದುಡ್ಡು ಹಾಕಿರೋದು ಹೀರೋ ಕಡೆಯವರು.

ಆದ್ರೆ ಓದೋರ ಮನಸ್ಸು ಕದ್ದಿದ್ದು ಕರ್ಣ. ಕೃಷ್ಣ ಬಂದು ಹೇಳ್ತಾನೆ, ನೀನು ಪಾಂಡವರ ಅಣ್ಣ ಕಣಪ್ಪಾ ಅಂತ. ಕುಂತಿ ಬಂದು ತಾಯಿ ಅಂತ ಹೇಳ್ಕೋತಾಳೆ. ಈ ಕಡೆ ಬಂದ್ರೆ ರಾಜ್ಯ, ಆ ಕಡೆ ಉಳಿದ್ರೆ ಸಾವು. ಎಲ್ಲ ಗೊತ್ತಿದ್ದೂ ಅವನು ದುರ್ಯೋಧನನನ್ನ ಬಿಡಲ್ಲ. ಯಾಕೆ? ಯಾರೂ ಹತ್ರ ಸೇರಿಸದೇ ಇದ್ದಾಗ ಕೈ ಹಿಡಿದೋನು ಅವನೊಬ್ಬನೇ. ಕೊನೆಗೆ ಪಂಪನೇ ಸೋತು, ಭಾರತದಲ್ಲಿ ಒಬ್ಬರನ್ನೇ ನೆನೆಯೋದಾದ್ರೆ ಕರ್ಣನನ್ನ ನೆನೆಯಿರಿ ಅನ್ನೋ ಅರ್ಥದ ಮಾತು ಹೇಳಿಬಿಡ್ತಾನೆ.

ತಪ್ಪು ಪಕ್ಷದಲ್ಲಿ ನಿಂತ ಒಳ್ಳೆಯವನು. ನೀವು ಫ್ಯಾಂಟಸಿ ಪುಸ್ತಕದಲ್ಲಿ ಹುಡುಕೋದು ಇದನ್ನೇ ತಾನೇ?

ಭಾಗ 3 / 8

ಈಗ ರನ್ನ. ಇದು ನನ್ನ ಫೇವರಿಟ್.

ಮುದುವೊಳಲಿನವನು, ಅಂದ್ರೆ ಈಗಿನ ಮುಧೋಳ. ಬಳೆಗಾರರ ಮನೆ ಹುಡುಗ. 10ನೇ ಶತಮಾನದ ಕೊನೆಯ ಹೊತ್ತಿಗೆ ಚಾಲುಕ್ಯರ ಆಸ್ಥಾನದಲ್ಲಿ ದೊಡ್ಡ ಕವಿ. ಅವನ 'ಗದಾಯುದ್ಧ'ಕ್ಕೆ ಇನ್ನೊಂದು ಹೆಸರು 'ಸಾಹಸಭೀಮ ವಿಜಯ'. ಇಲ್ಲೂ ಪಂಪನ ಲೆಕ್ಕಾಚಾರವೇ: ಭೀಮ ಅಂದ್ರೆ ರಾಜ ಸತ್ಯಾಶ್ರಯ. ಟೈಟಲ್ಲಲ್ಲೇ ಹೀರೋ ಹೆಸರಿದೆ. ಆದ್ರೆ ಕಣ್ಣಲ್ಲಿ ನೀರು ತರಿಸೋದು ದುರ್ಯೋಧನ.

ಇಡೀ ಮಹಾಭಾರತ ಹೇಳೋಕೆ ರನ್ನ ಹೋಗಲ್ಲ. ಯುದ್ಧದ ಕೊನೇ ದಿನ ಹಿಡ್ಕೋತಾನೆ, ಉಳಿದಿದ್ದು ಫ್ಲ್ಯಾಶ್‌ಬ್ಯಾಕ್. ಅಪ್ಪ ಅಮ್ಮ ಬಂದು ಸಂಧಿ ಮಾಡ್ಕೊಳಪ್ಪಾ ಅಂತ ಬೇಡ್ಕೋತಾರೆ. ಅವನು ಒಪ್ಪಲ್ಲ. ಮುಂದೆ ಭೀಷ್ಮರ ಹತ್ರ, ನಾನು ಹೋರಾಡ್ತಿರೋದು ನೆಲಕ್ಕಲ್ಲ, ಛಲಕ್ಕೆ ಅಂತಾನೆ. ಕರ್ಣನನ್ನ ನುಂಗಿದ ಈ ನೆಲ ಅವನಿಗೆ ಈಗ ಬರೀ ಪಾಳುಭೂಮಿ.

ಅದಕ್ಕೂ ಮುಂಚೆ ಸಂಜಯನ ಜೊತೆ ರಣರಂಗದಲ್ಲಿ ನಡೀತಾನೆ. ಕಾಲಿಟ್ಟಲ್ಲೆಲ್ಲ ಹೆಣ. ಗುರು ದ್ರೋಣ, ಸ್ವಂತ ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರ ಹತ್ರನೂ ನಿಂತು ಅಳ್ತಾನೆ. ನಡುವೆ ಅಭಿಮನ್ಯು ಬಿದ್ದಿರ್ತಾನೆ. ಶತ್ರುವಿನ ಮಗ, ಇವನ ಕಡೆಯವರೇ ಸುತ್ತುವರಿದು ಕೊಂದ ಹುಡುಗ. ಅಲ್ಲೂ ಕೈ ಮುಗಿದು, ನಿನ್ನ ಹಾಗೆ ಸಾಯೋ ಭಾಗ್ಯ ನನಗೂ ಸಿಗಲಿ ಅಂತ ಕೇಳ್ಕೋತಾನೆ.

ಭೀಷ್ಮರ ಮಾತಿಗೆ ಕಟ್ಟುಬಿದ್ದು ವೈಶಂಪಾಯನ ಸರೋವರದಲ್ಲಿ ಅಡಗ್ತಾನೆ. ದಡದಲ್ಲಿ ನಿಂತು ಭೀಮ ಹಂಗಿಸಿದ್ರೆ, ನೀರೊಳಗಿದ್ರೂ ಸಿಟ್ಟಿಗೆ ಮೈ ಬೆವರುತ್ತೆ! ಎದ್ದು ಬರ್ತಾನೆ, ಹೋರಾಡ್ತಾನೆ, ತೊಡೆ ಮುರಿದು ಬೀಳ್ತಾನೆ.

ಹತ್ತನೇ ಕ್ಲಾಸಲ್ಲಿ ಇದರ ಒಂದು ತುಂಡು ನಮಗೆ ಪಾಠ ಇತ್ತು. ಸಾರಾಂಶ ಬಾಯಿಪಾಠ ಹೊಡೆದು ಮಾರ್ಕ್ಸ್ ತಗೊಂಡು ಮರೆತಿದ್ವಿ.

ಭಾಗ 4 / 8

ಇನ್ನೊಂದು ನೂರು ವರ್ಷ ಮುಂದಕ್ಕೆ. ಸುಮಾರು 1100ರ ಹೊತ್ತಿನ ನಾಗಚಂದ್ರ. ತನ್ನನ್ನ ತಾನೇ 'ಅಭಿನವ ಪಂಪ' ಅಂತ ಕರ್ಕೊಂಡವನು. ಅವನ 'ರಾಮಚಂದ್ರಚರಿತಪುರಾಣ' ಜೈನ ರಾಮಾಯಣ. ಅಲ್ಲಿನ ರಾವಣ ರಾಕ್ಷಸ ಅಲ್ಲ. ವಿದ್ಯಾವಂತ, ವ್ರತ ಹಿಡಿದವನು: ಒಪ್ಪದ ಹೆಣ್ಣನ್ನ ಮುಟ್ಟಲ್ಲ ಅನ್ನೋದೇ ಆ ವ್ರತ.

ಅಂಥವನು ಸೀತೆಯನ್ನ ನೋಡಿ ಜಾರ್ತಾನೆ. ಹೊತ್ತು ತರ್ತಾನೆ, ಹೆದರಿಸ್ತಾನೆ. ರಾಮನಿಗೆ ಏನಾಗುತ್ತೋ ಅನ್ನೋ ಭಯಕ್ಕೆ ಅವಳು ಮೂರ್ಛೆ ಹೋದಾಗ ಅವನ ಮನಸ್ಸು ತಿರುಗುತ್ತೆ. ಪ್ರೀತಿಸೋ ಇಬ್ಬರನ್ನ ಬೇರೆ ಮಾಡಿದೆನಲ್ಲ ಅಂತ ಪಶ್ಚಾತ್ತಾಪ ಪಡ್ತಾನೆ. ವಾಪಸ್ ಕೊಡ್ತೀನಿ ಅಂತ ತೀರ್ಮಾನನೂ ಮಾಡ್ತಾನೆ.

ಆದ್ರೆ ಈಗಲ್ಲ. ಈಗ ಕೊಟ್ರೆ ಹೆದರಿದ ಅಂತಾರೆ. ಯುದ್ಧದಲ್ಲಿ ರಾಮ ಲಕ್ಷ್ಮಣರನ್ನ ಗೆದ್ದು, ಆಮೇಲೆ ಕೊಡೋಣ ಅಂತ ಲೆಕ್ಕ ಹಾಕ್ತಾನೆ.

ಆ 'ಆಮೇಲೆ' ಬರೋದೇ ಇಲ್ಲ. 'ಸಾರಿ' ಅಂತ ಟೈಪ್ ಮಾಡಿ, ಸೆಂಡ್ ಮಾಡದೆ ಈಗೋಗೆ ಬಿದ್ದು ಎಲ್ಲ ಕಳ್ಕೊಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ!

ಭಾಗ 5 / 8

ಈಗ ನಮ್ಮ ಜಿಲ್ಲೆಗೆ ಬನ್ನಿ. 1884ರಲ್ಲಿ ಇಲ್ಲಿ ಎರಡು ಹುಟ್ಟು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಬಿ.ಎಂ. ಶ್ರೀಕಂಠಯ್ಯ. ಗುಬ್ಬಿಯಲ್ಲಿ ಮುಂದೆ ವೀರಣ್ಣನವರಿಂದ ಹೆಸರಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ.

ಬಿ.ಎಂ.ಶ್ರೀ ಇಂಗ್ಲಿಷ್ ಮೇಷ್ಟ್ರು, ಗ್ರೀಕ್ ದುರಂತ ನಾಟಕಗಳ ಹುಚ್ಚು. ಆ ಕಣ್ಣಲ್ಲೇ ಹಳಗನ್ನಡ ನೋಡಿದ್ರು. ರನ್ನನ ಕಾವ್ಯವನ್ನ ನಾಟಕ ಮಾಡಿ 1926ರಲ್ಲಿ 'ಗದಾಯುದ್ಧ ನಾಟಕಂ' ಕೊಟ್ರು. ನಾಗಚಂದ್ರನ ರಾವಣನನ್ನ ದುರಂತ ನಾಯಕ ಅಂತ ಗುರುತಿಸಿ ಬರೆದ್ರು. 1929ರಲ್ಲಿ ಸೊಫೊಕ್ಲಿಸ್‌ನ ನಾಟಕದ ಮಾದರಿಯಲ್ಲಿ 'ಅಶ್ವತ್ಥಾಮನ್' ಬರೆದ್ರು. ಯೋಚ್ನೆ ಮಾಡಿ: ಮಲಗಿದ್ದ ಮಕ್ಕಳನ್ನ ಕೊಂದವನೇ ಅಲ್ಲಿ ನಾಯಕ!

ಗುಬ್ಬಿ ಕಂಪನಿ ಇದನ್ನೆಲ್ಲ ಓದು ಬರಹ ಇಲ್ಲದವರ ಹತ್ರಾನೂ ತಂತು. ಅವರ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆ ರಂಗದ ಮೇಲೆ ಬರ್ತಿದ್ವು. ಅಲ್ಲಿ ಪಾರ್ಟು ಮಾಡಿದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ರಾಕ್ಷಸ ಪಾತ್ರಗಳಿಗೆ ಹೆಸರುವಾಸಿ. ಅವರ ಮಗನೇ ಡಾ. ರಾಜ್‌ಕುಮಾರ್. ಅಣ್ಣಾವ್ರು ಅಂದ್ರೆ ಬರೀ ಒಳ್ಳೆಯವರ ಪಾತ್ರ ಅಂದ್ಕೊಂಡಿದ್ದೀರಾ? 1958ರ 'ಭೂಕೈಲಾಸ'ದಲ್ಲಿ ರಾವಣ, ಮಾರನೇ ವರ್ಷ ಮಹಿಷಾಸುರ, 1983ರಲ್ಲಿ ಹಿರಣ್ಯಕಶಿಪು. ಪ್ರಹ್ಲಾದ ಯಾರು ಗೊತ್ತಲ್ಲ, ನಮ್ಮ ಅಪ್ಪು.

ಭಾಗ 6 / 8

ಈ ಪೋಸ್ಟಿನ ಫೋಟೋದಲ್ಲಿರೋ ಹಳೇ ಕರಪತ್ರ ನೋಡಿ. ಗುಬ್ಬಿ ಹತ್ರದ ನಮ್ಮೂರ ಜಾತ್ರೆಯಲ್ಲಿ ಆಡಿದ 'ಕುರುಕ್ಷೇತ್ರ'. ಕಿರೀಟ, ಭುಜಕೀರ್ತಿ, ಹೆಗಲ ಮೇಲೆ ಗದೆ. ಅದು ನಮ್ಮ ತಾತ.

ನಮ್ಮ ಕಡೆ ಹಳ್ಳಿ ನಾಟಕದ ಎಕನಾಮಿಕ್ಸ್ ಗೊತ್ತಿಲ್ಲದವರಿಗೆ: ಇಲ್ಲಿ ನಟರಿಗೆ ಸಂಬಳ ಇಲ್ಲ. ಪಾರ್ಟು ಬೇಕಂದ್ರೆ ನಾವೇ ದುಡ್ಡು ಕಟ್ಟಬೇಕು. ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ ಎಲ್ಲ ಅದರಿಂದಲೇ. ಸೇವಕನ ಪಾರ್ಟು ಚೀಪು. ಕೃಷ್ಣ, ದುರ್ಯೋಧನ ಕಾಸ್ಟ್ಲಿ. ಹಾಡು ಜಾಸ್ತಿ, ಸೀನ್ ಜಾಸ್ತಿ, ಒನ್ಸ್ ಮೋರ್ ಜಾಸ್ತಿ. ವಿಲನ್‌ಗೆ ಡಿಮ್ಯಾಂಡ್ ಇದ್ದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ತಾತ ಅಜ್ಜಿಯ ಎರಡೆಳೆ ಸರ ಅಡ ಇಟ್ಟು ದುರ್ಯೋಧನನ ಪಾರ್ಟು ತಗೊಂಡ್ರು. ಅಜ್ಜಿಯನ್ನ ಕೇಳಲಿಲ್ಲ. ಮಾರನೇ ವರ್ಷ ಮಳೆ ಕೈಕೊಡ್ತು. ಸರ ವಾಪಸ್ ಬರಲೇ ಇಲ್ಲ.

ಭಾಗ 7 / 8

ನಮ್ಮನೇಲಿ ಇದನ್ನ ತಮಾಷೆ ಕಥೆ ಥರ ಹೇಳ್ತಿದ್ವಿ. ತಾತನ ಕಲಾಪ್ರೇಮ ಅಂತ ನಗ್ತಿದ್ವಿ. ಈ ಸೀರೀಸ್‌ಗೆ ಅಂತ ಹೋದ ಭಾನುವಾರ ಅಜ್ಜಿಯನ್ನ ಮೊದಲ ಸಲ ಕೇಳ್ದೆ, ಆವತ್ತು ನೀನು ನಾಟಕ ನೋಡೋಕೆ ಹೋಗಿದ್ಯಾ ಅಂತ.

"ವೋಗ್ದೆ ಇರ್ತೀನಾ? ಚಾಪೆ ಆಸ್ಕಂಡು ಮುಂದ್ಗಡೆನೇ ಕುಂತಿದ್ದೆ. ಬೆಳಗಿನ ಜಾವ ನಿಮ್ಮ ತಾತ ತೊಡೆ ಮುರ್ದು ಬಿದ್ದಾಗ ಅತ್ತೆ ಕಣವ್ವಾ. ಮನೆಗ್ ಬಂದು ಖಾಲಿ ಪೆಟ್ಟಿಗೆ ನೋಡ್ಕಂಡು ಇನ್ನೊಂದ್ಸಲ ಅತ್ತೆ."

ಸ್ವಲ್ಪ ಹೊತ್ತು ಅವರೆಕಾಯಿ ಸುಲಿದು, ಆಮೇಲೆ ಅಂದ್ರು: "ಎಲ್ರೂ ದುರ್ಯೋದನನ್ನ ಬೈತಾರೆ, ಬೈಲಿ. ದ್ರೌಪದೀನ ಪಣಕ್ಕೆ ಇಟ್ಟೋನು ಯಾರವ್ವಾ? ಧರ್ಮರಾಯ ಅಲ್ವಾ?"

ನನಗೆ ಮಾತೇ ಹೊರಡಲಿಲ್ಲ. ಊರಿಗೆಲ್ಲ ಒಳ್ಳೆಯವರಾಗಿದ್ದ ನಮ್ಮ ತಾತನ ಕಥೆಯನ್ನ ಇಷ್ಟು ವರ್ಷ ಸರದ ಕಡೆಯಿಂದ ಯಾರೂ ಕೇಳಿರಲಿಲ್ಲ.

ಆ ರಾತ್ರಿ ರನ್ನನ ಕಥೆಯನ್ನ ಮತ್ತೆ ಮೊದಲಿಂದ ತೆಗೆದೆ. ಆಗ ಗಮನಕ್ಕೆ ಬಂತು: ದುರ್ಯೋಧನ ಹೆಣಗಳ ನಡುವೆ ನಡೆದು ನಮ್ಮನ್ನ ಅಳಿಸೋಕೆ ಮುಂಚೆನೇ ದ್ರೌಪದಿ ಬಂದಿರ್ತಾಳೆ. ಕಾವ್ಯದ ಶುರುವಲ್ಲೇ ಭೀಮನ ಎದುರು ನಿಂತು, ತನಗಾದ ಅವಮಾನ ಇನ್ನೂ ತೀರಿಲ್ಲ ಅಂತ ನೆನಪಿಸ್ತಾಳೆ. ರನ್ನ ಮೊದಲು ಅವಳ ಮಾತು ಕೇಳಿಸಿ, ಆಮೇಲೆ ಇವನ ಮೇಲೆ ಮರುಕ ಹುಟ್ಟಿಸ್ತಾನೆ. ಅವಳ ಲೆಕ್ಕ ಅಳಿಸಿ ಅಲ್ಲ.

ಭಾಗ 8 / 8

ಈಗ ನನ್ನ ಪಾಯಿಂಟ್. ವಿಲನ್ ಇಷ್ಟ ಆಗೋದು ತಪ್ಪಲ್ಲ. ನಾವು ಫೋನ್ ಹಿಡ್ಕೊಂಡು ಹಾಳಾದ್ವಿ ಅನ್ನೋರಿಗೆ ಪಂಪ, ರನ್ನ, ನಾಗಚಂದ್ರರ ಹೆಸರು ಹೇಳಿ. 2019ರ 'ಕುರುಕ್ಷೇತ್ರ' ಸಿನಿಮಾದಲ್ಲೂ ಹೀರೋ ದುರ್ಯೋಧನನೇ.

ಆದ್ರೆ ಇಷ್ಟಪಡೋದು ಬೇರೆ, ಮಾಫಿ ಕೊಡೋದು ಬೇರೆ. ಸ್ವಲ್ಪ ದಿನದ ಹಿಂದೆ ನನಗೆ ಗೊತ್ತಿರೋ ಒಬ್ಬ ಹುಡುಗ, ಒಬ್ಬಳ ಫೋಟೋವನ್ನ ಅವಳನ್ನ ಕೇಳದೆ ಗ್ರೂಪಿಗೆ ಹಾಕ್ದ. "ಪಾಪ, ಅವನ ಮನೇಲಿ ಪ್ರಾಬ್ಲಮ್ ಇದೆ, ಗ್ರೇ ಕ್ಯಾರೆಕ್ಟರ್ ಬಿಡ್ರೇ" ಅಂದ್ರು ಕೆಲವರು. ನಾನೂ ಸುಮ್ಮನಿದ್ದೆ. ಆ ಹುಡುಗಿಗೆ ಹೇಗಿದೆ ಅಂತ ನಮ್ಮಲ್ಲಿ ಒಬ್ರೂ ಕೇಳಲಿಲ್ಲ. ಅಜ್ಜಿ ಜೊತೆ ಮಾತಾಡಿ ಬಂದಮೇಲೆ ಅವಳಿಗೆ ಮೆಸೇಜ್ ಮಾಡ್ದೆ. ತಡ ಆಯ್ತು, ಗೊತ್ತು. ನಾಗಚಂದ್ರನ ರಾವಣನ ಥರ 'ಆಮೇಲೆ' ಅಂತ ಮಾತ್ರ ಬಿಡಲಿಲ್ಲ.

ಗ್ರೇ ಅಂದ್ರೆ ಕಪ್ಪನ್ನ ಅಳಿಸೋದಲ್ಲ. ಬಿಳಿ, ಕಪ್ಪು ಎರಡನ್ನೂ ಜೊತೆಗಿಟ್ಟು ನೋಡೋದು. ಅಜ್ಜಿ ತಾತನ ಗದೆಯನ್ನ ಇವತ್ತಿಗೂ ಅಟ್ಟದ ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದಾರೆ. ಸರದ ಖಾಲಿ ಪೆಟ್ಟಿಗೆಯನ್ನೂ ಬಿಸಾಕಿಲ್ಲ.

ನಿಮ್ಮ ಫೇವರಿಟ್ ವಿಲನ್ ಹೆಸರು ಕಾಮೆಂಟ್ ಮಾಡಿ. ಅದರ ಪಕ್ಕದಲ್ಲೇ, ಅವನಿಂದ ನೋವು ತಿಂದವರ ಹೆಸರೂ ಬರೀರಿ. ನಾನೇ ಶುರು ಮಾಡ್ತೀನಿ: ದುರ್ಯೋಧನ, ದ್ರೌಪದಿ.

#ಬಟವಾಡಿ #ತುಮಕೂರು #ಗುಬ್ಬಿ #ಗದಾಯುದ್ಧ