ಡ್ಯುಟೀರಿಯಂ ಇರುವ ಸ್ಟೀರಾಯ್ಡ್ ವಿಕಿರಣ ಸೂಸುತ್ತದೆಯೇ? ಲ್ಯಾಬ್‌ನಲ್ಲಿ ಇದಕ್ಕೇನು ಕೆಲಸ?

ಸ್ಟೀರಾಯ್ಡ್ ಅಂದ ಕೂಡಲೇ ಹಲವರಿಗೆ ಜಿಮ್ ಇಂಜೆಕ್ಷನ್ ನೆನಪಾಗುತ್ತದೆ. ಜೊತೆಗೆ ‘ಡ್ಯುಟೀರಿಯಂ’ ಎಂಬ ಪದ ಸೇರಿದರೆ ವಿಕಿರಣದ ಭಯವೂ ಹುಟ್ಟುತ್ತದೆ. ಆದರೆ ನಮ್ಮ ದೇಹವೇ ತಯಾರಿಸುವ ಕೊಲೆಸ್ಟ್ರಾಲ್, ಕಾರ್ಟಿಸಾಲ್, ಟೆಸ್ಟೋಸ್ಟೀರಾನ್ ಎಲ್ಲವೂ ಸ್ಟೀರಾಯ್ಡ್‌ಗಳೇ.

ಡ್ಯುಟೀರಿಯಂ ಅಂದರೇನು?

ಇದು ಹೈಡ್ರೋಜನ್ನಿನ ಭಾರವಾದ ರೂಪ. ಇದರಲ್ಲಿ ಒಂದು ನ್ಯೂಟ್ರಾನ್ ಹೆಚ್ಚಿಗೆ ಇರುತ್ತದೆ. 1931ರಲ್ಲಿ ಇದನ್ನು ಪತ್ತೆ ಹಚ್ಚಿದ ಅಮೆರಿಕದ ಹೆರಾಲ್ಡ್ ಯೂರಿ ಅವರಿಗೆ 1934ರಲ್ಲಿ ನೊಬೆಲ್ ಬಂತು. ವಿಕಿರಣ ಸೂಸುವುದು ಹೈಡ್ರೋಜನ್ನಿನ ಇನ್ನೊಂದು ರೂಪವಾದ ಟ್ರಿಟಿಯಂ, ಡ್ಯುಟೀರಿಯಂ ಅಲ್ಲ. ನಾವು ಕುಡಿಯುವ ನೀರಿನಲ್ಲೂ ಸುಮಾರು 6,400 ಹೈಡ್ರೋಜನ್ ಪರಮಾಣುಗಳಿಗೆ ಒಂದು ಡ್ಯುಟೀರಿಯಂ ಇದ್ದೇ ಇರುತ್ತದೆ.

ಅಳತೆಗೆ ಹೇಗೆ ಸಹಾಯ?

ರಕ್ತದಲ್ಲಿ ಹಾರ್ಮೋನ್ ಪ್ರಮಾಣ ತೀರಾ ಕಡಿಮೆ. ಸ್ಯಾಂಪಲ್ ಶುದ್ಧ ಮಾಡುವಾಗ ಅದರಲ್ಲೂ ಒಂದಿಷ್ಟು ಕಳೆದುಹೋಗುತ್ತದೆ. ಹಾಗಾಗಿ ಮೊದಲೇ ಅಳೆದ ಪ್ರಮಾಣದ ಡ್ಯುಟೀರಿಯಂ ಹಾರ್ಮೋನನ್ನು ಸ್ಯಾಂಪಲ್‌ಗೆ ಬೆರೆಸುತ್ತಾರೆ. ಸಾಮಾನ್ಯ ಟೆಸ್ಟೋಸ್ಟೀರಾನ್ ಅಣುವಿನ ತೂಕ ಸುಮಾರು 288. ಮೂರು ಡ್ಯುಟೀರಿಯಂ ಸೇರಿಸಿದರೆ 291. ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಎರಡನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಬೆರೆಸಿದ 100 ಭಾಗದಲ್ಲಿ 60 ಮಾತ್ರ ಉಳಿದಿದ್ದರೆ, ರೋಗಿಯ ಹಾರ್ಮೋನೂ ಅದೇ ಪಾಲು ಕಳೆದಿದೆ ಎಂದರ್ಥ. ಅದರಿಂದ ನಿಜವಾದ ಪ್ರಮಾಣವನ್ನು ಲೆಕ್ಕ ಹಾಕಬಹುದು.

ದೇಹದೊಳಗಿನ ದಾರಿ ತಿಳಿಯಲು

ಕೊಲೆಸ್ಟ್ರಾಲ್‌ನಿಂದ ಪಿತ್ತರಸದ ಆಮ್ಲ ತಯಾರಾಗುತ್ತದೆ ಎಂಬುದನ್ನು 1940ರ ದಶಕದಲ್ಲಿ ಕಾನ್ರಾಡ್ ಬ್ಲಾಕ್ ಮತ್ತು ಸಂಗಡಿಗರು ತೋರಿಸಿದ್ದು ಡ್ಯುಟೀರಿಯಂ ಗುರುತಿನಿಂದಲೇ. ಇಂದು ನಾಲ್ಕು ಡ್ಯುಟೀರಿಯಂ ಇರುವ ಕಾರ್ಟಿಸಾಲ್ ಬಳಸುತ್ತಾರೆ. ಅದು ಕಾರ್ಟಿಸೋನ್ ಆಗುವಾಗ ಒಂದು ಡ್ಯುಟೀರಿಯಂ ಕಳೆದುಕೊಳ್ಳುತ್ತದೆ. ಆಮೇಲೆ ಮೂರೇ ಇರುವ ಕಾರ್ಟಿಸಾಲ್ ಕಂಡರೆ, ಅದನ್ನು ದೇಹವೇ ಮರಳಿ ತಯಾರಿಸಿದೆ ಎಂದು ಗೊತ್ತಾಗುತ್ತದೆ.

ನಮಗೇನು ಪ್ರಯೋಜನ?

ಕೆಲವು ಶಿಶುಗಳಿಗೆ ಹುಟ್ಟಿನಿಂದಲೇ ಅಡ್ರಿನಲ್ ಗ್ರಂಥಿಯ ತೊಂದರೆ ಇರುತ್ತದೆ. ಬೇಗ ಗುರುತಿಸದಿದ್ದರೆ ಮೊದಲ ಕೆಲವು ವಾರಗಳಲ್ಲೇ ಮೈಯ ಲವಣ ಕಳೆದು ಜೀವಕ್ಕೆ ಅಪಾಯವಾಗಬಹುದು. ಮಗುವಿನ ಹಿಮ್ಮಡಿಯ ರಕ್ತದಿಂದ ಮಾಡುವ ಮೊದಲ ಪರೀಕ್ಷೆ, ಅವಧಿಗೆ ಮುನ್ನ ಹುಟ್ಟಿದ ಆರೋಗ್ಯವಂತ ಮಕ್ಕಳಲ್ಲೂ ‘ಪಾಸಿಟಿವ್’ ಎನ್ನುವುದುಂಟು. ಆಗ ಡ್ಯುಟೀರಿಯಂ ಮಾದರಿ ಬಳಸಿ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಮಾಡುವ ಎರಡನೇ ಪರೀಕ್ಷೆ ಸುಳ್ಳು ಪಾಸಿಟಿವ್‌ಗಳನ್ನು ತಗ್ಗಿಸುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ವಿಕಿರಣ ಇಲ್ಲ ಎಂದ ಮಾತ್ರಕ್ಕೆ ಇದು ಸೇವಿಸುವ ವಸ್ತುವಲ್ಲ. ಡ್ಯುಟೀರಿಯಂ ಸೇರಿದರೂ ಹಾರ್ಮೋನ್ ಹಾರ್ಮೋನೇ, ದೇಹದ ಮೇಲೆ ಅದರ ಪರಿಣಾಮ ಇದ್ದೇ ಇರುತ್ತದೆ. ‘ಸಂಶೋಧನೆಗೆ ಮಾತ್ರ’ ಎಂದು ಬರೆದ ಬಾಟಲಿ ಲ್ಯಾಬ್‌ನಲ್ಲೇ ಇರಬೇಕು. ಜನರ ಮೇಲಿನ ಅಧ್ಯಯನಗಳಲ್ಲಿ ಇದನ್ನು ಕೊಡುವುದು ನೈತಿಕ ಸಮಿತಿಯ ಒಪ್ಪಿಗೆ ಪಡೆದು, ವೈದ್ಯರ ನಿಗಾದಲ್ಲಿ ಮಾತ್ರ.